ಸ್ಟ್ರೆಂತ್ ಅಂದ್ರ ಬಲ

ಇವತ್ತು ಮೊಮ್ಮಗಳ ಸಾಲಿ ಬೋರ್ಡಿನ ಮ್ಯಾಲೆ ‘ಕ್ಲಾಸ್ ಸ್ಟ್ರೆಂತ್’ ಅಂತ ಬರೆದದ್ದು ನೋಡಿದೆ. ಹುನಗುಂದದ ನಮ್ಮ ಸಾಲಿ ನೆನಪಾತು.

ಅಲ್ಲಿ ನಮ್ಮಪ್ಪನೇ ಇಂಗ್ಲಿಷ್ ಮಾಸ್ತರ ಆಗಿದ್ದ. ತಪಾಸಣಿಗೆ ಬಂದ ಸಾಹೇಬರು ನನ್ನ ಎಬ್ಬಿಸಿ, “ವಾಟ್ ಈಸ್ ದಿ ಸ್ಟ್ರೆಂತ್ ಆಫ್ ಯುವರ್ ಕ್ಲಾಸ್?” ಅಂದ್ರು. ಸ್ಟ್ರೆಂತ್ ಅಂದ್ರ ಬಲ ಅಂತ ಅಪ್ಪ ಬಾಯಿಪಾಠ ಮಾಡಿಸಿದ್ದ.

“ವೆರಿ ಸ್ಟ್ರಾಂಗ್, ಸರ್! ಕಬಡ್ಡಿ ಫಸ್ಟ್!” ಅಂದೆ.

ಸಾಹೇಬರು ಹೊಟ್ಟಿ ಹಿಡಕೊಂಡು ನಕ್ಕರು. “ಎಷ್ಟು ಮಕ್ಕಳಿದ್ದೀರಿ ಅಂತ ಕೇಳಿದ್ನವಾ. ಯಾರ್ರಿ ಇಕಿಗೆ ಕಲಿಸಿದವರು?”

ಅಪ್ಪ ತಲಿ ತಗ್ಗಿಸಿ, “ನಾನ ರೀ. ಇಕಿ ನನ್ನ ಮಗಳೂ ಹೌದ್ರೀ” ಅಂದ. ನನಗ ನೆಲದಾಗ ಇಳಿದು ಹೋಗಬೇಕು ಅನಿಸ್ತು.

ಮನಿ ದಾರ್ಯಾಗ ನಾ ಅಳಾಕತ್ತಿದ್ದೆ. ಅಪ್ಪ ಸಣ್ಣ ದನಿಲೆ ಅಂದ, “ನಿಂದೇನ್ ತಪ್ಪಿಲ್ಲವ್ವಾ. ನಾ ಪುಸ್ತಕದಾಗಿನ ಶಬ್ದದ ಅರ್ಥ ಅಷ್ಟ ಕಲತಾಂವ. ಮಂದಿ ಇಂಗ್ಲಿಷ್ ಹೆಂಗ ಮಾತಾಡ್ತಾರಂತ ನಾನೂ ಕೇಳಿಲ್ಲ.”

ಇದನ್ನ ಬರಿಯೂವಾಗ ಈಗೂ ನಾಚಿಕಿಲೆ ಕಿವಿ ಬಿಸಿಯಾಗ್ಯಾವ.