ಅವರ ಮನೆಯಲ್ಲಿ ಬಿಡುವುದಿಲ್ಲ ಎಂದೆ

ನಸೀಮಾಳಿಗೆ ಸಿಗಬೇಕಾಗಿದ್ದ ಸೀಟನ್ನು ನಾನು ಸುಳ್ಳು ಹೇಳಿ ತೆಗೆದುಕೊಂಡೆ. ಆ ಸುಳ್ಳನ್ನು ಮುಚ್ಚಲು ಅವಳ ಅತ್ತೆಗೆ ಇನ್ನೊಂದು ಸುಳ್ಳು ಹೇಳಿದೆ. ಎರಡನೆಯದು ಮೊದಲನೆಯದಕ್ಕಿಂತ ಕೆಟ್ಟದ್ದು — ಅದು ಏನು ಮಾಡಿತೆಂಬುದು ನನಗೆ ತಿಳಿದದ್ದು ಬಹಳ ತಡವಾಗಿ.

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಬಸವಕಲ್ಯಾಣದಲ್ಲಿ ಧರ್ಮಾರ್ಥವಾಗಿ ನಡೆಯುತ್ತಿದ್ದ ಒಂದು ಸಣ್ಣ ಆಸ್ಪತ್ರೆ. ನಾನು ಅಲ್ಲಿ ರಕ್ತ ಪರೀಕ್ಷೆ ಮಾಡುವವಳು, ನಸೀಮಾ ನರ್ಸು. ಇಬ್ಬರೂ ಪದವಿ ಮುಗಿಸಿದ್ದೆವು — ನಾನು ಕಾಲೇಜಿಗೆ ಹೋಗಿ, ಅವಳು ಮದುವೆಯಾದ ಮೇಲೆ ಮನೆಯಲ್ಲೇ ಓದಿಕೊಂಡು ಪರೀಕ್ಷೆಗೆ ಕಟ್ಟಿ. ಆ ವರ್ಷ ಹುಮನಾಬಾದಿನಲ್ಲಿ, ಕೆಲಸದಲ್ಲಿರುವ ಪದವೀಧರರಿಗೆಂದೇ ಸಾರ್ವಜನಿಕ ಆರೋಗ್ಯದ ಸರ್ಟಿಫಿಕೇಟ್ ಕೋರ್ಸ್ ಒಂದು ಶುರುವಾಯಿತು. ಶನಿವಾರ, ಭಾನುವಾರ ಪಾಠ, ಉಳಿದ ದಿನ ನೌಕರಿ. ಬಂದ ರೋಗಿಗೆ ಮದ್ದು ಕೊಡುವುದಲ್ಲ, ಒಂದು ಓಣಿಗೆ ಓಣಿಯೇ ಯಾಕೆ ಹಾಸಿಗೆ ಹಿಡಿಯುತ್ತದೆ ಎಂದು ಹುಡುಕುವ ವಿದ್ಯೆ ಅದು. ನಮ್ಮ ಆಸ್ಪತ್ರೆಗೆ ಒಂದೇ ಸೀಟು.

ಮಧ್ಯಾಹ್ನ ಬುತ್ತಿ ಬಿಚ್ಚಿದಾಗಲೆಲ್ಲ ನಸೀಮಾ ಅದೇ ಮಾತು ತೆಗೆಯುತ್ತಿದ್ದಳು. ನಾನು ಹೂಂಗುಟ್ಟುತ್ತ ಅವಳ ಡಬ್ಬಿಯ ಖಿಚಡಿ ತಿನ್ನುತ್ತಿದ್ದೆ. ನನಗೂ ಆ ಕೋರ್ಸು ಬೇಕು ಎಂದು ಒಮ್ಮೆಯೂ ಹೇಳಲಿಲ್ಲ. ಆ ಲ್ಯಾಬಿನ ಕತ್ತಲೆ ಕೋಣೆಯಿಂದ ಹೊರಬೀಳಬೇಕೆಂದು ನಾನೆಷ್ಟು ಹಂಬಲಿಸುತ್ತಿದ್ದೆನೋ — ಇರಲಿ, ಹಂಬಲವನ್ನು ಕಾರಣವಾಗಿ ಮುಂದಿಡುವುದಿಲ್ಲ.

ಒಂದು ದಿನ ಮಗುವಿಗೆ ಜ್ವರವೆಂದು ನಸೀಮಾ ರಜೆ ಹಾಕಿದ್ದಳು. ದೊಡ್ಡ ಡಾಕ್ಟರು ನನ್ನನ್ನು ಕರೆದು, ನಸೀಮಾಳನ್ನು ಕಳಿಸಬೇಕೆಂದಿದ್ದೇನೆ, ನೀವೇನಂತೀರಿ ಎಂದು ಕೇಳಿದರು. ಅವರು ನನ್ನ ಮೇಲೆ ನಂಬಿಕೆಯಿಟ್ಟೇ ಕೇಳಿದ್ದು.

"ಅಕಿಗಿ ಮನ್ಯಾಗ ಬಿಡಂಗಿಲ್ರಿ ಸರ್," ಎಂದೆ. "ಅವ್ರಾಗ ಹಾಂಗೇ ಇರ್ತದಲ್ರಿ."

ಅವರು ತಲೆಯಾಡಿಸಿದರು, ಅಷ್ಟೇ. ಮರುಪ್ರಶ್ನೆಯಿಲ್ಲ. ಬೇರೆ ಯಾವ ಹೆಣ್ಣುಮಗಳ ಬಗ್ಗೆ ಹೀಗೆ ಹೇಳಿದ್ದರೂ, ಹೌದೇ, ಒಂದು ಮಾತು ಕೇಳಿ ನೋಡೋಣ ಎನ್ನುತ್ತಿದ್ದರೇನೋ. ನಸೀಮಾಳ ವಿಷಯದಲ್ಲಿ ಯಾರೂ ಕೇಳುವುದಿಲ್ಲ ಎಂಬುದು ನನಗೆ ಗೊತ್ತಿತ್ತು. ಗೊತ್ತಿದ್ದೇ ಆ ಮಾತನ್ನು ಆರಿಸಿಕೊಂಡೆ.

ಸೀಟು ನನಗೆ ಬಂತು. ನಸೀಮಾ ಒಂದು ದಿನ ಮಂಕಾಗಿದ್ದಳು. ಮರುದಿನ, ಪಾಠಕ್ಕೆ ಹೋಗಿ ಬಂದಾಗಲೆಲ್ಲ ನನಗೂ ಹೇಳಿಕೊಡು ಅಕ್ಕಾ ಎಂದಳು.

ಕೋರ್ಸಿನ ಭಾಗವಾಗಿ ನಾವು ಒಂದು ಓಣಿಯನ್ನು ಆರಿಸಿ, ಅಲ್ಲಿಯ ಮಕ್ಕಳಿಗೆ ಲಸಿಕೆ ಯಾಕೆ ತಪ್ಪುತ್ತಿದೆ ಎಂದು ವರದಿ ಮಾಡಬೇಕಿತ್ತು. ನಾನು ಆರಿಸಿದ್ದು ನಸೀಮಾಳ ಓಣಿಯನ್ನೇ. ಕಾರಣವೂ ಮೊದಲೇ ಸಿದ್ಧವಿತ್ತು — ಗಂಡಸರು ಬಿಡುವುದಿಲ್ಲ, ಹೆಂಗಸರು ಹೊರಗೆ ಬರುವುದಿಲ್ಲ. ನಸೀಮಾ ಮನೆಮನೆಗೆ ಕರೆದುಕೊಂಡು ಹೋದಳು. ಹೊಸ್ತಿಲ ಮೇಲೆ ಕುಳಿತು ಅವರ ದಖನಿ ಉರ್ದು ಮಾತನ್ನು ನನಗೆ ಬಿಡಿಸಿ ಹೇಳಿದಳು. ಯಾವ ಮನೆಯಲ್ಲೂ ನಾನು ನೆನೆಸಿದ್ದ ಉತ್ತರ ಬರಲಿಲ್ಲ. ಲಸಿಕೆಯವರು ಬರುವುದು ಸಂತೆಯ ದಿನ, ಅಂದು ತಾಯಂದಿರೆಲ್ಲ ಮಕ್ಕಳನ್ನು ಕಟ್ಟಿಕೊಂಡು ಸಂತೆಯಲ್ಲಿ ಮಾರಲು ಕೂತಿರುತ್ತಾರೆ. ವಿಷಯ ಅಷ್ಟೇ ಆಗಿತ್ತು.

ಹುಮನಾಬಾದಿನ ಪಾಠದಲ್ಲಿ ನಮ್ಮ ಗುರುಗಳು ನನ್ನ ವರದಿಯನ್ನು ಎಲ್ಲರ ಮುಂದೆ ಹೊಗಳಿದರು. ಜನರನ್ನು ಕೇಳದೆ ಅವರ ಕಾರಣವನ್ನು ನಾವೇ ಬರೆದುಬಿಡುವುದು ಈ ವಿದ್ಯೆಯಲ್ಲಿ ಎಲ್ಲಕ್ಕಿಂತ ದೊಡ್ಡ ತಪ್ಪು, ಈ ಹೆಣ್ಣುಮಗಳು ಕೇಳಿ ಬರೆದಿದ್ದಾಳೆ ಎಂದರು. ಎಲ್ಲರೂ ನನ್ನತ್ತ ತಿರುಗಿ ನೋಡಿದರು. ನಾನು ತಲೆ ತಗ್ಗಿಸಿದ್ದನ್ನು ವಿನಯವೆಂದುಕೊಂಡಿರಬೇಕು.

ಆಗಲೇ ಹೇಳಿಬಿಡಬಹುದಿತ್ತು —

ಪಂಚಮಿ ಹತ್ತಿರ ಬಂದಾಗ ಬಳೆ ಇಡಿಸಿಕೊಳ್ಳಲು ಕಿಲ್ಲಾದ ಹಾದಿಯ ಅಂಗಡಿಗೆ ಹೋದೆ. ಅದು ನಸೀಮಾಳ ಅತ್ತೆ ಬಾನೂಬಿಯ ಅಂಗಡಿ. ಆಕೆಗೆ ಸಕ್ಕರೆ ಕಾಯಿಲೆ. ಆಕೆಯ ರಕ್ತ ಪರೀಕ್ಷೆ ಮಾಡಿ ಅದನ್ನು ಕಂಡುಹಿಡಿದವಳು ನಾನೇ. ನನ್ನ ಕೈಯನ್ನು ತನ್ನ ಮಡಿಲಲ್ಲಿಟ್ಟುಕೊಂಡು, ಬೆರಳಗಂಟುಗಳನ್ನು ಮೆಲ್ಲಗೆ ಒತ್ತಿ ಬಳೆ ಏರಿಸುತ್ತ ಕೇಳಿದಳು:

"ಬಾಯಿ, ಖರೇ ಹೇಳ್ರಿ. ನಮ್ಮ ನಸೀಮಾಗ ಯಾಕ ಕಳಸ್ಲಿಲ್ಲ? ಕೂಸಿಗಿ ನಾ ಸಂಭಾಳಸ್ತೀನಿ, ನೀ ಹೋಗು ಅಂತ ನಾನೇ ಅಂದಿದ್ದೆ. ಕೇಳಿ ಇಲ್ಲ ಅನಿಸ್ಕೊಳ್ಳೋದು ಯಾಕಂತ ಅಕಿ ಡಾಕ್ಟರಿಗಿ ಕೇಳ್ಲೇ ಇಲ್ಲ."

ಮನೆಯಲ್ಲಿ ಬಿಡುವುದಿಲ್ಲ ಎಂದಿದ್ದೆನಲ್ಲ — ಆ ಮನೆಯೇ ನನ್ನ ಕೈ ಹಿಡಿದು ಕೂತಿತ್ತು. ಕೈ ಎಳೆದುಕೊಳ್ಳುವಂತಿರಲಿಲ್ಲ, ಬಳೆ ಅರ್ಧ ಏರಿತ್ತು.

"ಡಾಕ್ಟರೇ ಬ್ಯಾಡಂದ್ರು ಅಮ್ಮಾ," ಎಂದೆ. "ನಿಮ್ಮ ಮನ್ಯಾಗ ಬಿಡಂಗಿಲ್ಲಂತ ಅವ್ರೇ ಅಂದ್ಕೊಂಡ್ರು."

ಬಾನೂಬಿ ಆ ಬಳೆಯನ್ನು ಪೂರ್ತಿ ಏರಿಸಿದಳು. ಆಮೇಲೆ, "ನಮ್ಮ ಮಂದಿ ಅಂದ್ರ ಹಾಂಗೇ ತಿಳೀತಾರ," ಎಂದಳು. ಒಂದು ಬಳೆಯೂ ಒಡೆಯದಂತೆ ನನ್ನ ಎರಡೂ ಕೈ ತುಂಬಿಸಿ ಕಳಿಸಿದಳು.

ಕೋರ್ಸ್ ಮುಗಿಯಿತು. ಅದರ ಬಲದಿಂದ ಹುಮನಾಬಾದಿನ ಒಂದು ಸಂಸ್ಥೆಯಲ್ಲಿ ಹಳ್ಳಿಗಳ ಆರೋಗ್ಯದ ಕೆಲಸ ನೋಡಿಕೊಳ್ಳುವ ಹುದ್ದೆ ಸಿಕ್ಕಿತು. ನಿರ್ಣಾ, ಕೊಡಂಬಲ ಎಂದು ಜೀಪಿನಲ್ಲಿ ತಿರುಗಾಡಿದೆ, ತಾಯಂದಿರ ಸಭೆಗಳಲ್ಲಿ ಮಾತಾಡಿದೆ. ಒಳ್ಳೆಯ ಕೆಲಸವನ್ನೇ ಮಾಡಿದೆ. ಅದು ಇನ್ನೊಬ್ಬಳು ಮಾಡಬೇಕಿದ್ದ ಕೆಲಸ.

ಕೆಲವು ವರ್ಷಗಳ ನಂತರ ನಸೀಮಾ ಯಾವುದೋ ತರಬೇತಿಗೆಂದು ಹುಮನಾಬಾದಿಗೆ ಬಂದಿದ್ದಳು. ಚಹಾ ಕುಡಿಯುತ್ತ ಅತ್ತೆಯ ಮಾತು ಬಂತು. "ಅತ್ತಿ ನಮ್ಮ ದವಾಖಾನಿಗಿ ಕಾಲಿಡಂಗಿಲ್ಲ ಅಕ್ಕಾ," ಎಂದಳು. "ಆ ಡಾಕ್ಟರ್ ನಮಗ ಹಾಂಗ ತಿಳಿದಾನ, ಅವನ ಮುಂದ ಯಾಕ ಕೈ ಒಡ್ಡಲಿ ಅಂತಾಳ. ನಾ ಗುಳಿಗಿ ಒಯ್ದ್ರೂ ಮುಟ್ಟಂಗಿಲ್ಲ."

ನನ್ನ ಬಾಯಿಗೆ ಮಾತು ಬಂದಿತ್ತು. ನುಂಗಿದೆ. ಸಕ್ಕರೆ ಕಾಯಿಲೆಯನ್ನು ಹಾಗೇ ಬಿಟ್ಟರೆ ಏನಾಗುತ್ತದೆ ಎಂದು ಊರೂರಿಗೆ ಹೋಗಿ ಹೇಳುತ್ತಿದ್ದವಳು ನಾನು. ಬೇರೆ ಎಲ್ಲಾದರೂ ತೋರಿಸು ಎಂದಷ್ಟೇ ಹೇಳಿ ಕಳಿಸಿದೆ.

ಬಾನೂಬಿಯ ಕಾಲಿನಲ್ಲಿ ಹುಣ್ಣಾಯಿತು. ಅರಿಶಿಣ, ಎಲೆ, ಮಾತ್ರೆ ಅಂಗಡಿಯ ಮಲಾಮು — ಕೊನೆಗೆ ಸೊಲ್ಲಾಪುರಕ್ಕೆ ಒಯ್ಯುವ ಹೊತ್ತಿಗೆ ತಡವಾಗಿತ್ತು. ಮೊಣಕಾಲಿನ ಕೆಳಗೆ ಕಾಲು ತೆಗೆದರು.

ಆ ಸುದ್ದಿ ಕೇಳಿದ ಮೇಲೂ ನಾನು ಒಡನೆ ಹೋಗಲಿಲ್ಲ. ಇದನ್ನೂ ಹೇಳಿಬಿಡಬೇಕು. ಹೋಗಲು ಒಂದು ನೆಪ ಬೇಕಾಯಿತು — ಕೋರ್ಸಿನ ಹೊಸ ತಂಡಕ್ಕೆ ನಸೀಮಾಳ ಹೆಸರನ್ನು ನಾನೇ ಸೂಚಿಸಿ, ಅದನ್ನು ತಿಳಿಸಲೆಂದು ಹೋದೆ. ಅವಳು ಬಾಗಿಲಲ್ಲೇ ನಕ್ಕು, "ಆಗ ಅತ್ತಿ ಕೂಸಿಗಿ ನೋಡ್ತೀನಂದಿದ್ಳು. ಈಗ ಅತ್ತಿಗಿ ಯಾರ್ ನೋಡ್ತಾರ ಅಕ್ಕಾ?" ಎಂದಳು.

ಆಗ ಹೇಳಿದೆ. ಮಂಚದ ಮೇಲೆ ಒರಗಿದ್ದ ಬಾನೂಬಿಯ ಎದುರು, ನಸೀಮಾಳ ಎದುರು, ಡಾಕ್ಟರಿಗೆ ಹೇಳಿದ್ದನ್ನೂ ಬಳೆ ಅಂಗಡಿಯಲ್ಲಿ ಹೇಳಿದ್ದನ್ನೂ ಅದೇ ಮಾತುಗಳಲ್ಲಿ ಹೇಳಿದೆ. ನಸೀಮಾ ಗೋಡೆಗೆ ಒರಗಿ ನಿಂತಳು.

"ನನಗ ಒಂದ್ ಮಾತ್ ಕೇಳಿದ್ರ, ನಾನೇ ಬಿಟ್ ಕೊಡ್ತಿದ್ದೆ ಅಕ್ಕಾ," ಎಂದಳು.

ಬಾನೂಬಿ ಕೇಳಿದ್ದು ಮಾತ್ರ ಬೇರೆಯೇ. "ಹಂಗಾದ್ರ ಡಾಕ್ಟರ್ ಅಂದಿಲ್ಲ? ಅಲ್ಲಾ, ಇಷ್ಟು ವರ್ಷ ಅವನಿಗಿ ಬೈದೀನಿ. ನನಗ ಅವನ ಬಲ್ಲಿ ಕರಕೊಂಡ್ ಹೋಗ್ರಿ."

ದೊಡ್ಡ ಡಾಕ್ಟರು ಅಷ್ಟರಲ್ಲಿ ನಮ್ಮ ಹಳೆಯ ಆಸ್ಪತ್ರೆ ಬಿಟ್ಟು ಹುಮನಾಬಾದಿನಲ್ಲಿ ಸ್ವಂತ ದವಾಖಾನೆ ಇಟ್ಟಿದ್ದರು. ಜೀಪು ಮಾಡಿಕೊಂಡು ಮೂವರೂ ಹೋದೆವು. ಊರುಗೋಲಿನ ಮೇಲೆ ನಿಂತೇ ಬಾನೂಬಿ ಮಾಫಿ ಕೇಳಿದಳು. ಡಾಕ್ಟರಿಗೆ ಏನೂ ತಿಳಿಯದೆ ನನ್ನತ್ತ ನೋಡಿದರು. ಅಲ್ಲಿಯೂ ಎಲ್ಲವನ್ನೂ ಹೇಳಿದೆ. ಅವರು ಕನ್ನಡಕ ತೆಗೆದು, ತಾನಾದರೂ ನಸೀಮಾಳನ್ನು ಕರೆದು ಕೇಳಬೇಕಿತ್ತು ಎಂದರು. ಅದು ಅವರ ದೊಡ್ಡತನ, ನನಗೆ ಅದರಲ್ಲಿ ಪಾಲಿಲ್ಲ. ಆಮೇಲೆ ಆಕೆಯನ್ನು ಕುರ್ಚಿಯಲ್ಲಿ ಕೂರಿಸಿ, ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು, ಉಳಿದ ಕಾಲನ್ನು ಕೈಗೆ ತೆಗೆದುಕೊಂಡು ಬೆರಳ ಸಂದು ಸಂದು ನೋಡಿದರು. ನಸೀಮಾ ಬ್ಯಾಟರಿ ಹಿಡಿದಳು. ನಾನು ಬಾಗಿಲ ಬಳಿ ನಿಂತಿದ್ದೆ. ಯಾರೂ ಹೋಗು ಎನ್ನಲಿಲ್ಲ, ಬಾ ಎಂದೂ ಅನ್ನಲಿಲ್ಲ.

ಈಗಲೂ ತಿಂಗಳಿಗೊಮ್ಮೆ ಅವರಿಬ್ಬರೂ ಅಲ್ಲಿಗೆ ಬರುತ್ತಾರೆ. ನಸೀಮಾ ಸಿಕ್ಕರೆ ಅತ್ತೆಯ ಸಕ್ಕರೆ ಎಷ್ಟಿದೆ ಎಂದು ಹೇಳುತ್ತಾಳೆ, ಅದಕ್ಕಿಂತ ಹೆಚ್ಚು ಮಾತಿಲ್ಲ. ಕ್ಷಮಿಸು ಎಂದು ನಾನು ಕೇಳಿಲ್ಲ. ಕೇಳಿದರೆ ಅವಳು ಕ್ಷಮಿಸಿಬಿಡುತ್ತಾಳೆ — ಅಂಥವಳು ಅವಳು. ನನ್ನ ಮನಸ್ಸು ಹಗುರಾಗಲೆಂದು ಅವಳಿಂದ ಇನ್ನೊಂದನ್ನು ತೆಗೆದುಕೊಳ್ಳಲಾರೆ.