ಉಪ್ಪಿಲ್ಲದ ಗಂಜಿ

ಕಳೆದ ವರ್ಷ ಗಣೇಶ ಚೌತಿ ಮುಗಿದ ವಾರವಷ್ಟೇ. ಮುಂಬೈಯ ದಹಿಸರ್‌ನ ನಮ್ಮ ಮನೆಯಲ್ಲಿ ಯಜಮಾನರಿಗೆ ಬೆಳಗ್ಗೆ ಇದ್ದಕ್ಕಿದ್ದಂತೆ ಹೊಟ್ಟೆನೋವು ಶುರುವಾಯಿತು. ಪರೇಲಿನ ಆಸ್ಪತ್ರೆಗೆ ಸೇರಿಸಿದಾಗ ಕರುಳಿನಲ್ಲಿ ತೂತಾಗಿದೆ ಎಂದರು. ಕೂಡಲೇ ಆಪರೇಷನ್ ಆಯಿತು. ನಾವು ಮೈಸೂರಿನವರು, ಇಲ್ಲಿ ನಮ್ಮವರೆನ್ನುವವರು ಯಾರೂ ಇಲ್ಲ. ಅವರನ್ನು ಐಸಿಯುಗೆ ಕರೆದೊಯ್ದ ಮೇಲೆ ನನ್ನನ್ನು ಒಳಗೆ ಬಿಡಲಿಲ್ಲ.

ಸಂಜೆ ಆಸ್ಪತ್ರೆಯ ಹಿಂದಿನ ಗಲ್ಲಿಗೆ ಸುಮ್ಮನೆ ನಡೆದುಹೋದೆ. ಹಳೆಯ ಚಾಳುಗಳು, ಅವುಗಳಿಗೆ ಅಂಟಿಕೊಂಡ ಗುಡಿಸಲುಗಳು. ನೀಲಿ ತಾಡಪತ್ರಿಯ ಕೆಳಗೆ ದೊಡ್ಡ ಪಾತೇಲಿಯಲ್ಲಿ ಬೇಳೆ ಕುದಿಯುತ್ತಿತ್ತು. ಕೂಲಿಯವರು, ಮುದುಕಿಯರು, ಆಸ್ಪತ್ರೆಯ ಫೈಲು ಹಿಡಿದವರು ಪುಕ್ಕಟೆ ಊಟಕ್ಕೆ ಸಾಲಾಗಿ ನಿಂತಿದ್ದರು. ಬೆಳಗಿನಿಂದ ನಾನು ಏನೂ ತಿಂದಿರಲಿಲ್ಲ. ಆದರೆ ಇಲ್ಲದವರ ಊಟಕ್ಕೆ ನಾನು ಹೇಗೆ ಕೈ ಚಾಚಲಿ ಎಂದು ಗೋಡೆಯ ಪಕ್ಕ ನಿಂತುಬಿಟ್ಟೆ.

ಅಷ್ಟರಲ್ಲಿ ಪಾತೇಲಿಯ ಹತ್ತಿರವಿದ್ದ ಹೆಂಗಸು, “ಏ ಪಾರೂ, ಉಳ್ಳಾಗಡ್ಡಿ ಈಗ ಹಾಕಬ್ಯಾಡ!” ಎಂದು ಕೂಗಿದರು. ಕನ್ನಡ ಕಿವಿಗೆ ಬಿದ್ದದ್ದೇ ನನಗೆ ಅಳು ಬಂತು.

ಅವರು ನನ್ನನ್ನು ನೋಡಿ ಹತ್ತಿರ ಬಂದರು. “ದವಾಖಾನ್ಯಾಗ ಯಾರದಾರ್ರೀ?”

“ನಮ್ಮ ಯಜಮಾನ್ರು,” ಎಂದೆ.

ಅವರು ಸಮಾಧಾನ ಹೇಳಲಿಲ್ಲ. “ಬರ್ರಿ, ಈ ಕೊತ್ತಂಬರಿ ಸ್ವಚ್ಛ ಮಾಡಿ ಕೊಡ್ರಿ. ನಮಗ ಕೈ ಸಾಲವಲ್ದು,” ಎಂದು ಕಟ್ಟೊಂದನ್ನು ನನ್ನ ಮಡಿಲಿಗೆ ಹಾಕಿದರು. ಕೆಲಸ ಮುಗಿದ ಮೇಲೆ ಅಡುಗೆಯವರ ಜೊತೆಯಲ್ಲೇ ನೆಲದ ಮೇಲೆ ಕೂತು ಉಂಡೆ.

ಅವರೇ ರೇಣುಕಕ್ಕ. ವಿಜಯಪುರದ ಕಡೆಯಿಂದ ಗಂಡನ ಜೊತೆ ಕಟ್ಟಡ ಕೆಲಸಕ್ಕೆ ಬಂದವರು. ಗಲ್ಲಿಯವರ ರೇಷನ್ ಕಾರ್ಡಿಗೂ ನಲ್ಲಿ ನೀರಿಗೂ ಕಚೇರಿಗಳಲ್ಲಿ ಜಗಳವಾಡುವವರು ಅವರೇ. ಲಾಕ್‌ಡೌನ್‌ನಲ್ಲಿ ಜನಕ್ಕೆ ಕೂಲಿ ನಿಂತಾಗ ಹಚ್ಚಿದ ಒಲೆಯನ್ನು ಅವರು ಆಮೇಲೂ ಆರಿಸಿರಲಿಲ್ಲ.

ಮರುದಿನವೂ ಹೋದೆ. ಅಲ್ಲಿ ನಾಲ್ಕಾರು ಹೆಂಗಸರು ಕೆಲಸವಿಲ್ಲದೆ ಹರಟುತ್ತಿದ್ದರು. “ಇಷ್ಟೊಂದು ಜನ ಇದ್ದೂ ನಿನ್ನೆ ಕೈ ಸಾಲದು ಅಂದ್ರಲ್ಲಕ್ಕಾ?” ಎಂದು ಕೇಳಿದೆ.

ಅವರು ಮುಖ ಎತ್ತದೆ ಬೇಳೆ ತಿರುವುತ್ತಲೇ ಹೇಳಿದರು: “ಕೈ ಖಾಲಿ ಇದ್ರ ತಲ್ಯಾಗ ಬರೇ ಕೆಟ್ಟದ್ದ ಬರತೈತ್ರೀ. ನನ್ನ ಗಂಡ ಇದ ದವಾಖಾನ್ಯಾಗ ತೀರಿಹೋದಾಗ ನಾ ಮೆಟ್ಟಲ ಮ್ಯಾಲ ಒಬ್ಬಾಕಿನ ಕುಂತಿದ್ನಿ. ಉಂಡಿಯೇನು ಅಂತ ಸೈತ ಯಾರೂ ಕೇಳಲಿಲ್ಲ.”

ಎರಡು ದಿನದಲ್ಲಿ ನಮ್ಮ ಯಜಮಾನರಿಗೆ ಸೋಂಕು ಏರಿ ಮತ್ತೊಂದು ಆಪರೇಷನ್ ಮಾಡಬೇಕಾಯಿತು. “ಈಗಲೇ ಏನೂ ಹೇಳಲಾರೆವು,” ಎಂದರು ಡಾಕ್ಟರು. ನಾನು ಆಪರೇಷನ್ ಕೋಣೆಯ ಬಾಗಿಲ ಬಳಿ ಕೂತಿದ್ದೆ. ಮಧ್ಯಾಹ್ನದ ಬಡಿಸುವ ಕೆಲಸ ಮುಗಿಸಿ ರೇಣುಕಕ್ಕ ಬಂದು ನನ್ನ ಕೈ ಹಿಡಿದು ಪಕ್ಕದಲ್ಲಿ ಕೂತರು. ಗಂಡನನ್ನು ಕಳೆದುಕೊಂಡ ಅದೇ ಆಸ್ಪತ್ರೆಯೊಳಗೆ ಬರಲು ಅವರಿಗೆ ಹೇಗಾಗಿರಬೇಕು! ಡಾಕ್ಟರು ಹೊರಗೆ ಬಂದು “ಗಂಡಾಂತರ ಕಳೆಯಿತು” ಎನ್ನುವವರೆಗೂ ಅವರು ಕೈ ಬಿಡಲಿಲ್ಲ.

ಕೆಲವು ದಿನಗಳ ನಂತರ ತೆಳು ಗಂಜಿ ಕೊಡಬಹುದೆಂದರು. ರೇಣುಕಕ್ಕ ಚಿಕ್ಕ ಪಾತ್ರೆಯಲ್ಲಿ ಬೇರೆಯಾಗಿ ಗಂಜಿ ಕಾಯಿಸಿ, ಬಟ್ಟೆಯಲ್ಲಿ ಶೋಧಿಸಿ ಡಬ್ಬಿ ತುಂಬಿಕೊಟ್ಟರು. ನಾನು ಚಮಚದಲ್ಲಿ ಕುಡಿಸಿದೆ. ಇವರು ಎರಡು ಗುಟುಕು ನುಂಗಿ, ಹುಬ್ಬು ಗಂಟಿಕ್ಕಿ, “ಉಪ್ಪೇ ಹಾಕಿಲ್ವಲ್ಲೇ ಇದಕ್ಕೆ?” ಎಂದರು.

ನಾನು ಅಳುತ್ತಾ ನಗುತ್ತಾ ಗಲ್ಲಿಗೆ ಓಡಿದೆ. ವಿಷಯ ಕೇಳಿ ರೇಣುಕಕ್ಕ ಸೌಟು ಮೇಲೆತ್ತಿ ಎಲ್ಲರಿಗೂ ಕೇಳುವಂತೆ ಕೂಗಿದರು: “ಸುನೋ ರೇ, ಹಮಾರೆ ಭಾಯ್‌ಸಾಬ್ ನೆ ನಮಕ್ ಮಾಂಗಾ! ಉಪ್ಪು ಕೇಳ್ಯಾರ ನಮ್ಮಣ್ಣಾರು!”

ಸಾಲಿನಲ್ಲಿದ್ದವರೆಲ್ಲ ನಕ್ಕರು. ರೋಗಿಯೊಬ್ಬ ಊಟಕ್ಕೆ ತಕರಾರು ತೆಗೆದರೆ ಏನರ್ಥ ಎಂಬುದು ಅಲ್ಲಿ ಎಲ್ಲರಿಗೂ ಗೊತ್ತಿತ್ತು. ಮಗನನ್ನು ವಾರ್ಡಿನಲ್ಲಿ ಬಿಟ್ಟು ಬಂದಿದ್ದ ಮುದುಕಿಯೊಬ್ಬಳು ನನ್ನ ಗಲ್ಲ ಸವರಿ, “ಅಚ್ಛಾ ಹುವಾ ಬೇಟಿ,” ಎಂದಳು.

ಇವರು ಈಗ ಆರೋಗ್ಯವಾಗಿದ್ದಾರೆ, ಊಟದ ತಕರಾರೂ ಹಾಗೇ ಇದೆ. ಅದು ಶುರುವಾದಾಗಲೆಲ್ಲ ನನಗೆ ಆ ಕೂಗು ನೆನಪಾಗುತ್ತದೆ. ಅದೇ ಆಸ್ಪತ್ರೆಯಿಂದ ಒಬ್ಬರೇ ಮನೆಗೆ ಮರಳಿದ್ದ ಹೆಂಗಸು, ನನ್ನ ಗಂಡ ಉಳಿದರೆಂದು ಇಡೀ ಗಲ್ಲಿಗೆ ಕೇಳುವಷ್ಟು ಸಂತೋಷಪಟ್ಟಿದ್ದರು.