ಶಾಲು ಹೊದಿಸಿ ಮುಗಿಸಿದ ವಾದ

ಯಾದಗಿರಿಯಲ್ಲಿ ಹೊಸ ವರದಿಗಾರರಿಗೆ ನಾನು ಆಗಾಗ ಪಾಠ ಹೇಳುತ್ತೇನೆ. ಪ್ರತಿಪಾದನೆ, ಆಧಾರ, ಆಕ್ಷೇಪ, ಖಂಡನೆ ಎಂದು ಬೋರ್ಡಿನ ಮೇಲೆ ಬರೆದು, ಕೊನೆಗೆ ವ್ಯಕ್ತಿನಿಂದೆ ಎಂದು ಸೇರಿಸುತ್ತೇನೆ. ವಾದಕ್ಕೆ ಉತ್ತರ ಕೊಡದೆ ವಾದ ಮಾಡಿದವರನ್ನು ಬೈಯುವ ಕುತರ್ಕ ಅದು. ಹೊಗಳಿಯೂ ಬಾಯಿ ಮುಚ್ಚಿಸಬಹುದೆಂದು ನಾನು ಕಲಿತದ್ದು ವರದಿಗೆಂದು ಹೋಗಿದ್ದ ಕಕ್ಕೇರಾ ಕಡೆಯ ಒಂದು ಗ್ರಾಮಸಭೆಯಲ್ಲಿ.

ಪಂಚಾಯಿತಿ ಬರೆದ ಪತ್ರದಂತೆ ಸಾರಿಗೆ ಸಂಸ್ಥೆಯವರು ಬಸ್ ನಿಲುಗಡೆಯನ್ನು ದಲಿತರ ಓಣಿಯ ಮೂಲೆಯಿಂದ ಅಂಗಡಿ ಸಾಲಿನ ಮುಂದಕ್ಕೆ ಸರಿಸಿದ್ದರು. ಅಲ್ಲಿಂದ ಓಣಿಗೆ ಕಾಲುವೆಯ ದಂಡೆಯ ಮೇಲೆ ನಡೆದು ಬರಬೇಕು. ಹತ್ತಿ ಹೊಲದಲ್ಲಿ ಕೂಲಿ ಮಾಡುವ ಹೆಣ್ಣುಮಗಳೊಬ್ಬಳು ಎದ್ದು ನಿಂತಳು.

"ಸ್ಟಾಪ್ ಮತ್ತ ನಮ್ಮ ಓಣಿಗೆ ಬರಬೇಕ್ರಿ. ಕಾಲುವಿ ದಂಡಿಗೆ ಗ್ವಾಡಿ ಇಲ್ಲ, ದೀಪ ಇಲ್ಲ. ನಾನೇ ಮೂರು ದಿನ ನಡದು ನೋಡೀನಿ. ನನ್ನ ಮಗಳು ಅಂಜಿ ಸಾಲಿ ಬಿಟ್ಟು ಮನ್ಯಾಗ ಕುಂತಾಳ. ಅಂಗಡಿ ಕಡಿ ಮಂದಿ ಹೆಚ್ಚದಾರ ಅಂತೀರಿ, ಖರೆ ಐತಿ. ಎರಡೂ ಕಡಿ ನಿಲ್ಲಸ್ರಿ."

ಪ್ರತಿಪಾದನೆ, ಆಧಾರ, ಎದುರಾಳಿಯ ಆಕ್ಷೇಪ, ಅದಕ್ಕೆ ಪರಿಹಾರ. ನನ್ನ ವಿದ್ಯಾರ್ಥಿಗಳಲ್ಲಿ ಒಬ್ಬರೂ ಇಷ್ಟು ಕ್ರಮವಾಗಿ ವಾದಿಸಿದ್ದಿಲ್ಲ.

ಪಂಚಾಯಿತಿ ಅಧ್ಯಕ್ಷರು ನಕ್ಕರು. "ಭಾರಿ ಮಾತಾಡ್ತಿ ತಂಗಿ. ವಕೀಲರು ನಿನ್ನ ಮುಂದ ಏನೂ ಅಲ್ಲ ಬಿಡು. ಯಾರರ ಒಂದು ಶಾಲು ತರ್ರಿ."

ನಮ್ಮಲ್ಲಿ ಯಾವ ಸಭೆಗೂ ಒಂದೆರಡು ಶಾಲು ಹೆಚ್ಚಿಗೆ ಇಟ್ಟುಕೊಂಡಿರುತ್ತಾರೆ. ಒಂದು ಬಂತು.

"ಶಾಲು ಆಮ್ಯಾಲ ಹೊದಸ್ರಿ. ಬಸ್ಸಿಂದು ಹೇಳ್ರಿ," ಎಂದಳು ಆಕೆ. ಚಪ್ಪಾಳೆಯಲ್ಲಿ ಆ ಮಾತು ಮುಳುಗಿತು. ಅಧ್ಯಕ್ಷರು ಶಾಲು ಹೊದಿಸಿ ಮುಂದಿನ ವಿಷಯಕ್ಕೆ ಹೋದರು.

ನಾನೂ ಫೋಟೊ ತೆಗೆದೆ. 'ಗ್ರಾಮಸಭೆಯಲ್ಲಿ ದಿಟ್ಟ ಮಹಿಳೆಗೆ ಸನ್ಮಾನ' ಎಂದು ಬರೆದು ಕಳಿಸಿದೆ. ಸುದ್ದಿ ಅಚ್ಚಾಯಿತು. ಬಸ್ಸಿನ ಮಾತು ಅದರಲ್ಲಿ ಒಂದು ಸಾಲೂ ಇರಲಿಲ್ಲ. ಅಧ್ಯಕ್ಷರ ಕೆಲಸವನ್ನು ನಾನೇ ಪೂರ್ತಿ ಮಾಡಿಕೊಟ್ಟಿದ್ದೆ.

ಮರುದಿನ ಆಕೆ ಎರಡು ಬಸ್ಸು ಬದಲಿಸಿ ಶಹಾಪುರದ ನನ್ನ ಕಚೇರಿಗೆ ಬಂದಳು. ಪತ್ರಿಕೆಯನ್ನೂ ಶಾಲನ್ನೂ ಮೇಜಿನ ಮೇಲಿಟ್ಟಳು.

"ನಾ ಕೇಳಿದ್ದು ಇದರಾಗ ಎಲ್ಲೈತ್ರಿ ಸರ?"

"ಇಲ್ಲವ್ವಾ. ತಪ್ಪು ನಂದು."

"ಈ ಶಾಲು ಹೊತಗೊಂಡ್ರ ನನ್ನ ಮಗಳಿಗೆ ಕಾಲುವಿ ದಾರಿ ಬೆಳಕಾಗತೈತೇನ್ರಿ?"

ಆಕೆಯ ಎದುರೇ ಅಧ್ಯಕ್ಷರಿಗೆ ಫೋನ್ ಮಾಡಿದೆ. "ಸನ್ಮಾನ ಮಾಡೀವಲ್ರಿ. ಮತ್ತೇನು ಬೇಕಂತ ಆಕಿಗೆ?" ಎಂದರು. ಆಕೆಯ ವಾದವನ್ನು ಆಕೆ ಹೇಳಿದ ಕ್ರಮದಲ್ಲೇ ಬರೆದು, ಕೆಳಗೆ ಅಧ್ಯಕ್ಷರ ಮಾತನ್ನು ಇದ್ದ ಹಾಗೆ ಹಾಕಿದೆ. ಮೊದಲ ವರದಿಯಲ್ಲಿ ಇದು ಬಿಟ್ಟುಹೋಗಿತ್ತೆಂದೂ ಸೇರಿಸಿದೆ. ಅದು ಒಳಪುಟದ ಮೂಲೆಯಲ್ಲಿ ಬಂತು.

ಬಸ್ಸು ಈಗಲೂ ಅಂಗಡಿಗಳ ಮುಂದೆಯೇ ನಿಲ್ಲುತ್ತದೆ. ಮಗಳು ಮತ್ತೆ ಶಾಲೆಗೆ ಹೋಗುತ್ತಿದ್ದಾಳೆ, ತಾಯಿ ದಿನಾಲೂ ಎರಡು ಹೊತ್ತು ಆಕೆಯ ಜೊತೆ ದಂಡೆಯ ಮೇಲೆ ನಡೆಯುತ್ತಾಳೆ. ಶಾಲನ್ನು ಆಕೆ ನನ್ನ ಮೇಜಿನಿಂದ ವಾಪಸ್ ಒಯ್ಯಲಿಲ್ಲ.